ಜಗಳಕ್ಕೊಂದು ಭಾಷೆ

ಪ್ರಪಂಚದಲ್ಲಿ ಬಾಸುಂದಿ ಕಾಯಿಸಬಲ್ಲವರು ಇಬ್ಬರೇ. ಒಬ್ಬ ನಾನು, ಫಕೀರಪ್ಪ. ಇನ್ನೊಬ್ಬ ಇನ್ನೂ ಹುಟ್ಟಿಲ್ಲ. ನನ್ನ ಅಂಗಡಿಯ ಮುಂದೆ ನಿಂತು ಬರಿಯ ವಾಸನೆ ತೆಗೆದುಕೊಂಡೇ ದಪ್ಪಗಾದವರು ನಮ್ಮೂರಿನಲ್ಲಿ ಹನ್ನೆರಡು ಮಂದಿ ಇದ್ದಾರೆ. ನಂಬಿಕೆ ಇಲ್ಲದಿದ್ದರೆ ಬಂದು ತೂಗಿ ನೋಡಿ. ಊರಿನ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ನಾಳೆ ನೀವೆಲ್ಲ ಡಬ್ಬಿ ಹಿಡಿದುಕೊಂಡು ಬರುತ್ತೀರಿ, ನನ್ನ ಹತ್ತಿರ ಇರುವುದು ಒಂದೇ ಕಡಾಯಿ.

ಬಾಸುಂದಿ ಎಂದರೆ ಹುಡುಗಾಟವಲ್ಲ. ಹಾಲು ಬೆಳಿಗ್ಗೆಯಿಂದ ಸಂಜೆಯವರೆಗೆ ಸಣ್ಣ ಉರಿಯಲ್ಲಿ ಕುದಿಯಬೇಕು, ಕೆನೆಯನ್ನು ಅಂಚಿಗೆ ಸರಿಸುತ್ತ ಕೂಡಬೇಕು, ಮತ್ತು ಅಷ್ಟು ಹೊತ್ತೂ ಊರಿನಲ್ಲಿ ಯಾರೂ ಕನ್ನಡದಲ್ಲಿ ಜಗಳವಾಡಬಾರದು. ಆಡಿದರೆ ಹಾಲು ಒಡೆಯುತ್ತದೆ. ಆಡಿದವರ ಮನೆಯದಷ್ಟೇ ಅಲ್ಲ, ಊರಿನ ಅಷ್ಟೂ ಹಾಲು. ಸೊಸೈಟಿಯ ಕ್ಯಾನುಗಳಲ್ಲಿರುವುದು, ನೆಲುವಿನ ಮೇಲಿರುವುದು, ಕೂಸಿನ ಬಾಟಲಿಯಲ್ಲಿರುವುದು, ಕಪ್ಪಿನಲ್ಲಿ ಅರ್ಧ ಕುಡಿದು ಬಿಟ್ಟ ಚಹಾದಲ್ಲಿರುವುದು ಸಹ. ಒಮ್ಮೆ ಮೂಲೆಮನೆಯ ಗಂಡ ಹೆಂಡತಿ ಒಗ್ಗರಣೆಗೆ ಬೆಳ್ಳುಳ್ಳಿ ಹಾಕಬೇಕೋ ಬೇಡವೋ ಎಂದು ಎರಡೇ ಎರಡು ಮಾತು ಜೋರಾಗಿ ಆಡಿದರು. ಊರಿಗೆ ಊರೇ ಮೂರು ದಿನ ಒಡೆದ ಹಾಲಿಗೆ ಬೆಲ್ಲ ಹಾಕಿಕೊಂಡು ತಿಂದಿತು. ಆ ದಂಪತಿ ಈಗಲೂ ಬೆಳ್ಳುಳ್ಳಿ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಹಾಗಂತ ಜಗಳವಿಲ್ಲದೆ ಸಂಸಾರ ಮಾಡಲು ನಾವೇನು ಗೋಡೆಗೆ ತೂಗುಹಾಕಿದ ಫೋಟೋಗಳೇ? ನಮ್ಮ ಹಿರಿಯರು ಹಾಲಿಗೆ ತಿಳಿಯದ ಭಾಷೆಯಲ್ಲಿ ಬೈದಾಡಿದರಾಯಿತು ಎಂದು ಕಂಡುಹಿಡಿದರು. ಮೊದಲು ಮರಾಠಿ ನೋಡಿದರು. ಹಾಲಿಗೆ ಅದು ಹುಟ್ಟಿನಿಂದಲೇ ಬರುತ್ತಿತ್ತಂತೆ. ಹಿಂದಿ ಕೆಲವು ವರ್ಷ ನಡೆಯಿತು, ಟಾಕೀಸು ಬಂದ ವಾರವೇ ಹೋಯಿತು. ಇಂಗ್ಲಿಷು ನನ್ನ ತಂದೆಯ ಕಾಲದವರೆಗೂ ಬಾಳಿಕೆ ಬಂತು. ಆಮೇಲೆ ಮನೆಮನೆಗೆ ಟಿ.ವಿ. ಬಂದು ಎಮ್ಮೆಗಳು ಕೊಟ್ಟಿಗೆಯಲ್ಲಿ ನಿಂತಲ್ಲೇ ಇಂಗ್ಲಿಷು ಕಲಿತುಬಿಟ್ಟವು. ಈಗ ಅವಕ್ಕೆ ನಮ್ಮ ಹೆಡ್‌ಮಾಸ್ತರರಿಗಿಂತ ಚೆನ್ನಾಗಿ ಬರುತ್ತದೆ. ಉಳಿದವು ಎರಡು: ಜಪಾನಿ ಮತ್ತು ಸ್ಪ್ಯಾನಿಷ್.

ನಿಯಮಗಳೆಲ್ಲ ಹಾಲಿನ ಸೊಸೈಟಿಯವು. ಒಂದು ಜೋಡಿಗೆ ಒಂದೇ ಜಗಳದ ಭಾಷೆ. ಒಮ್ಮೆ ಬರೆಸಿದರೆ ಸಾಯುವವರೆಗೆ ಅದೇ, ಇನ್ನೊಂದನ್ನು ಕಲಿಯುವಂತಿಲ್ಲ. ಮದುವೆಯಾಗದವರಿಗೆ ಪಾಠವಿಲ್ಲ, ಅಪ್ಪ ಅವ್ವ ಶುರು ಹಚ್ಚಿಕೊಂಡರೆ ಮಕ್ಕಳು ತಾವಾಗಿಯೇ ಎದ್ದು ಓಣಿಗೆ ಹೋಗುತ್ತಾರೆ. ಜಗಳ ಬಂಧುಗಳ ನಡುವೆಯೇ ಆಗಬೇಕು. ಹೊರಗಿನವರೊಡನೆ ಆಡಿದರೆ ಯಾವ ಭಾಷೆಯಾದರೂ ಹಾಲು ಕ್ಷಮಿಸುವುದಿಲ್ಲ. ಮದುವೆಯಾಗಿ ಒಂದು ವರ್ಷದೊಳಗೆ ಗಂಡ ಹೆಂಡತಿ ಸೊಸೈಟಿಗೆ ಬಂದು ತಮ್ಮ ಭಾಷೆ ಬರೆಸಬೇಕು. ಮೊದಲ ವರ್ಷ ಜಗಳವೇ ಇರುವುದಿಲ್ಲವೆಂದು ಸೊಸೈಟಿಯ ಅಂಬೋಣ. ಈ ನಿಯಮ ಮಾಡಿದವರು ಬ್ರಹ್ಮಚಾರಿಗಳಿರಬೇಕು. ಬರೆಸದಿದ್ದರೆ ಆ ಮನೆಗೆ ಹಾಲು ಬಂದ್, ಹೆಂಡತಿ ತವರಿಗೆ, ಮುಂದಿನ ವರ್ಷ ಅದೇ ದಿನದವರೆಗೆ. ಬಾಸುಂದಿಯವನಿಗೆ ಹಾಲು ಬಂದ್ ಎಂದರೆ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಹೆಂಡತಿ ತವರಿಗೆ ಎಂದರೆ ಏನೆಂಬುದನ್ನು ಮಾತ್ರ ನನಗೇ ಯಾರಾದರೂ ಬಿಡಿಸಿ ಹೇಳಬೇಕಾಗಿತ್ತು.

ಕಲಿಸುವವರೂ ಇಬ್ಬರೇ. ಸ್ಪ್ಯಾನಿಷ್ ಕಲಿಸುವ ಗುರುಸಿದ್ಧ ಮಾಸ್ತರರು ಹತ್ತಿ ಗಿರಣಿಯ ಅಂಗಳದಲ್ಲಿ ಪಾಠ ಹೇಳುತ್ತಾರೆ. ಮೊದಲ ದಿನವೇ ಎಲ್ಲರನ್ನೂ ಎಬ್ಬಿಸಿ ಕೂಗಿಸುತ್ತಾರೆ. ಇಬ್ಬರು ಒಟ್ಟಿಗೇ ಮಾತಾಡುವುದು ಅಲ್ಲಿ ತಪ್ಪಲ್ಲ, ಮೂರನೆಯ ಪಾಠ. ಅವರ ಕ್ಲಾಸು ನಡೆಯುವಾಗ ಗಿರಣಿಯ ತಗಡಿನ ಮೇಲೆ ಕೂತ ಪಾರಿವಾಳಗಳು ಎದ್ದು ಪಕ್ಕದ ಜಿಲ್ಲೆಗೆ ಹೋಗುತ್ತವೆ. ಜಪಾನಿ ಕಲಿಸುವವರು ಇಂದುಮತಿಬಾಯಿ, ನೇಕಾರ ಓಣಿಯ ಕೊನೆಯ ಮನೆ. ಆ ಮನೆಯೊಳಗೆ ಪಾಠ ನಡೆಯುತ್ತಿದೆಯೋ ಎಲ್ಲರೂ ಮಲಗಿದ್ದಾರೋ ಹೊರಗಿನವರಿಗೆ ತಿಳಿಯುವುದಿಲ್ಲ. ಅಲ್ಲಿ ಮೊದಲ ನಲವತ್ತು ದಿನ ಶಿಷ್ಯರು ಸ್ವಂತ ಮಾತು ಒಂದನ್ನೂ ಆಡುವಂತಿಲ್ಲ, ಬಾಯಿ ಕಟ್ಟಿಕೊಂಡು ಕೇಳುತ್ತ ಕೂಡಬೇಕು. ನಲವತ್ತು ದಿನ! ನಾನು ನಲವತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ಕಂಡವರಿದ್ದರೆ ಮುಂದೆ ಬರಲಿ. ನನಗೆ ಯಾವ ಭಾಷೆ ತಕ್ಕದ್ದೆಂದು ಇನ್ನು ಕೇಳಬೇಕೇ?

ನನ್ನ ಹೆಂಡತಿ ನೀಲವ್ವ ನೇಕಾರ ಓಣಿಯವಳು. ಮದುವೆಗೆ ಮುಂಚೆ ಒಂದು ದಿನ ಅಂಗಡಿಗೆ ಬಂದು, ಒಂದು ಬಟ್ಟಲು ಬಾಸುಂದಿ ತಿಂದು, "ಯಾಲಕ್ಕಿ ಹೆಚ್ಚಾಗೈತಿ" ಎಂದಳು. ಇಡೀ ಭೂಮಂಡಲದಲ್ಲಿ ನನ್ನ ಬಾಸುಂದಿಗೆ ಹೆಸರಿಟ್ಟವಳು ಅವಳೊಬ್ಬಳೇ. ಇಷ್ಟು ಧೈರ್ಯದವಳು ಮನೆಯಲ್ಲಿದ್ದರೆ ಕಳ್ಳರ ಭಯವಿಲ್ಲವೆಂದು ಮದುವೆಯಾದೆ. ಅವಳು ಯಾಕೆ ಒಪ್ಪಿದಳೋ ಕೇಳಲಿಲ್ಲ. ನನ್ನನ್ನು ಒಪ್ಪುವುದಕ್ಕೆ ಕಾರಣ ಬೇರೆ ಬೇಕೇ?

ಮದುವೆಯಾದ ಹದಿನೈದನೆಯ ದಿನ ನೀಲವ್ವ ಕಡಾಯಿಯ ಪಕ್ಕದಲ್ಲಿ ಕೂತು ಪಿಸ್ತಾ ಸೀಳುತ್ತ, "ರೀ, ನಾವು ಜಪಾನಿ ಬರಸೂಣಲ್ಲ? ನಮ್ಮವ್ವ..." ಎಂದು ಶುರು ಮಾಡಿದಳು.

"ಜಪಾನಿ!" ಎಂದೆ ನಾನು. "ಏ ಹುಚ್ಚಿ, ಸ್ಪ್ಯಾನಿಷ್ ಅಂದ್ರ ಏನಂತ ತಿಳದಿ? ಇಪ್ಪತ್ತು ದೇಶದಾಗ ಮಂದಿ ಅದರಾಗ ಜಗಳಾಡ್ತಾರ. ನಾಳಿ ನಾವು ಯಾ ದೇಶಕ್ಕ ಹೋದ್ರೂ ಬಾಯಿ ಮುಚಗೊಂಡು ಕೂಡೂ ಪ್ರಸಂಗ ಬರಂಗಿಲ್ಲ."

"ಬಾಜೂ ಊರಿಗೇ ಇನ್ನ ಕರಕೊಂಡು ಹೋಗಿಲ್ಲ ನೀವು," ಎಂದಳು.

ಬಾಜೂ ಊರು ನೋಡುವಂಥದ್ದಲ್ಲ ಎಂದು ನಾನು ಅರ್ಧ ಗಂಟೆ ವಿವರಿಸಿದೆ. ಅಷ್ಟರಲ್ಲಿ ಪಿಸ್ತಾ ಮುಗಿಯಿತು, ಅವಳು ಎದ್ದು ಹೋದಳು.

ಶ್ರಾವಣದಲ್ಲಿ ಮತ್ತೊಮ್ಮೆ. ಉಂಡು ಕೈ ತೊಳೆಯುತ್ತಿದ್ದೆ. "ನಾ ಜಪಾನಿ ಅಂದದ್ದು ಯಾಕಂದ್ರ, ನಮ್ಮವ್ವ ಅದಾಳಲ್ಲ..." ಎಂದಳು. "ನಿಮ್ಮವ್ವನ ಮಾತು ಬಿಡು, ಆಕಿ ದೇವತಿ," ಎಂದೆ. ಅದು ನಿಜ. ಅತ್ತೆ ದ್ಯಾಮವ್ವನಂಥ ಸಮಾಧಾನದ ಹೆಂಗಸು ಈ ಪೃಥ್ವಿಯ ಮೇಲಿಲ್ಲ. ಮಾವ ಈರಪ್ಪ ತೀರಿಕೊಂಡು ಆರು ವರ್ಷ; ಅಂದಿನಿಂದ ಆಕೆಯ ಬಾಯಿಂದ ಒಂದು ಬಿರುಸು ಮಾತು ಬಂದಿಲ್ಲವೆಂದು ಇಡೀ ಓಣಿ ಸಾಕ್ಷಿ. ಮಗ ಸೊಸೆಯ ಜೊತೆ ಇದ್ದಾಳೆ, ಮೊಮ್ಮಕ್ಕಳನ್ನು ಆಡಿಸುತ್ತಾಳೆ, ಯಾರು ಏನೆಂದರೂ ನಗುತ್ತಾಳೆ. ಮಂದಿ ಮಕ್ಕಳ ನಾಮಕರಣಕ್ಕೆ ಆಕೆಯನ್ನು ಕರೆದು ತೊಟ್ಟಿಲು ಮುಟ್ಟಿಸುತ್ತಾರೆ, ಆ ಸ್ವಭಾವ ಕೂಸಿಗೆ ಅಂಟಲಿ ಎಂದು. ಇಂಥ ಅತ್ತೆಯನ್ನು ಆರಿಸಿಕೊಂಡದ್ದು ನನ್ನ ಜಾಣತನವೆಂದು ನಾನು ಗಿರಾಕಿಗಳಿಗೆ ಹೇಳುತ್ತಿದ್ದೆ. ಅವತ್ತು ನೀಲವ್ವನಿಗೂ ಅದನ್ನೇ ಹೇಳಿದೆ, ಸ್ವಲ್ಪ ಉದ್ದವಾಗಿ.

ಆ ಮೇಲೆ ಅವಳು ಪಾತ್ರೆ ಕುಕ್ಕಲು ಶುರು ಮಾಡಿದಳು. ಭಾಷೆ ಬರೆಸದ ಹೊಸ ಜೋಡಿಗಳಿಗೆ ಸೊಸೈಟಿ ಕೊಟ್ಟ ಸವಲತ್ತು ಅದೊಂದೇ. ಪಾತ್ರೆಯ ಸದ್ದು ಹಾಲಿಗೆ ತಟ್ಟುವುದಿಲ್ಲ. ದೀಪಾವಳಿಯ ಹೊತ್ತಿಗೆ ನಮ್ಮ ಮನೆಯಲ್ಲಿ ತಳ ನೆಟ್ಟಗಿರುವ ಪಾತ್ರೆ ಉಳಿದಿರಲಿಲ್ಲ. ತಂಬಿಗೆ ಇಟ್ಟರೆ ಬುಗುರಿಯಂತೆ ತಿರುಗುತ್ತಿತ್ತು. ನಾನೂ ಬಿಡಲಿಲ್ಲ, ನನ್ನ ಸಟ್ಟುಗದಿಂದ ಕಡಾಯಿಯ ಅಂಚಿಗೆ ಬಡಿದದ್ದು ಮೂರು ಊರಿಗೆ ಕೇಳಿಸಿ, ಎಲ್ಲೋ ಊಟಕ್ಕೆ ಕರೆಯುತ್ತಿದ್ದಾರೆಂದು ಜನ ತಾಟು ಹಿಡಿದು ಬಂದರು. ಯಾವ ಭಾಷೆಯಲ್ಲಿ ಜಗಳವಾಡಬೇಕೆಂದು ಜಗಳವಾಡಲು ನಮಗೆ ಭಾಷೆ ಇರಲಿಲ್ಲ ನೋಡಿ. ಈ ಸಂಕಟವನ್ನು ಸೊಸೈಟಿಯ ಹಿರಿಯರು ಯೋಚಿಸಿಯೇ ಇರಲಿಲ್ಲ.

ಹೀಗೆ ವರ್ಷ ತುಂಬುವ ದಿನ ಬಂತು. ಸೊಸೈಟಿಯ ಸೆಕ್ರೆಟರಿ ಮಡಿವಾಳಪ್ಪ ಸಣ್ಣ ದೇಹದ ದೊಡ್ಡ ಕನ್ನಡಕದ ಮನುಷ್ಯ. ಮೇಜಿನ ಆಚೆ ಆತ, ಈಚೆ ನಾವಿಬ್ಬರು, ಸುತ್ತಲೂ ಕ್ಯಾನುಗಳು, ಕ್ಯಾನುಗಳ ಹಿಂದೆ ಹಾಲು ಹಾಕಲು ಬಂದ ನೆಪದಲ್ಲಿ ನಿಂತ ಇಪ್ಪತ್ತು ಮೂವತ್ತು ಮಂದಿ. ನನ್ನ ಗೆಲುವು ನೋಡಲು ಬಂದವರು ಎಂದು ನನ್ನ ಎಣಿಕೆ.

ಬರೆಸುವ ಪದ್ಧತಿ ಹೀಗಿದೆ. ಗಂಡನಿಗೊಂದು ಕಾಗದ, ಹೆಂಡತಿಗೊಂದು ಕಾಗದ. ಇಬ್ಬರೂ ಒಂದೇ ಭಾಷೆ ಬಯಸಿದರೆ ಸುಲಭ. ಬೇರೆ ಬೇರೆ ಬಯಸಿದರೆ, ಹೆಂಡತಿಗೆ ಆ ಭಾಷೆ ಯಾಕೆ ಬೇಕು ಎಂಬುದನ್ನು ಗಂಡ ಬರೆಯಬೇಕು. ಗಂಡನಿಗೆ ಯಾಕೆ ಬೇಕು ಎಂಬುದನ್ನು ಹೆಂಡತಿ ಬರೆಯಬೇಕು. ಸೆಕ್ರೆಟರಿ ಓದುತ್ತಾನೆ. ಯಾರ ಬಗ್ಗೆ ಬರೆದಿದೆಯೋ ಅವರು ಹೌದೆಂದರೆ ಮಾತ್ರ ಮುಂದಿನ ಮಾತು. ಇದು ಊರಿಗೆಲ್ಲ ಗೊತ್ತು, ನನಗೂ ಗೊತ್ತಿತ್ತು. ತಂದೆಯ ಹೆಸರು, ಓಣಿಯ ಹೆಸರು ತುಂಬಿಸಿದಂತೆ ಇದೂ ಒಂದು ಶಾಸ್ತ್ರವೆಂದು ತಿಳಿದಿದ್ದೆ. ನೀಲವ್ವ ಕಾಗದದ ಮೇಲೆ ಬಗ್ಗಿ ಆಗಲೇ ಬರೆಯುತ್ತಿದ್ದಳು. ಒಂದು ಬದಿ ತುಂಬಿಸಿ ಹಾಳೆ ತಿರುಗಿಸಿದಳು. ನಾನು ಒಂದೇ ಏಟಿಗೆ ಬರೆದು ಅವಳಿಗಿಂತ ಮೊದಲು ಮೇಜಿನ ಮೇಲೆ ಒಗೆದೆ.

ಮಡಿವಾಳಪ್ಪ ಓದಿದ. "ನನ್ನ ಹೆಂಡತಿಗೆ ಜಪಾನಿ ಇಷ್ಟ." ಕನ್ನಡಕದ ಮೇಲಿಂದ ನೋಡಿದ. "ಫಕೀರಪ್ಪ, ಇದು ಕಾರಣ ಅಲ್ಲೋ. ಇದು ಸಮಾಚಾರ. ಯಾಕ ಇಷ್ಟ? ಅದನ್ನ ಬರಿ."

ಬರೆದೆ. ಜಪಾನಿನವರು ಸೌಮ್ಯ ಸ್ವಭಾವದ ಮಂದಿ, ನನ್ನ ಹೆಂಡತಿಯೂ ಸೌಮ್ಯ, ಅದಕ್ಕೆ. ನೀಲವ್ವ ತಲೆ ಎತ್ತದೆ "ಅಲ್ಲ" ಎಂದಳು. ಕ್ಯಾನಿನ ಹಿಂದೆ ಯಾರೋ, "ಸೌಮ್ಯ ಅಂತ! ಅವರ ಮನಿ ತಂಬಗಿ ನೋಡಿ ಬರ್ರಿ" ಎಂದರು. ಹರಿದೆ, ಮತ್ತೆ ಬರೆದೆ. ಇಂದುಮತಿಬಾಯಿಯ ಮನೆ ನೇಕಾರ ಓಣಿಯಲ್ಲಿದೆ, ಪಾಠದ ನೆವದಲ್ಲಿ ದಿನಾ ತವರಿಗೆ ಹೋಗಿಬರಬಹುದು. ಈ ಸಲ ನೀಲವ್ವ ಒಂದು ಗಳಿಗೆ ನನ್ನ ಮುಖ ನೋಡಿದಳು. ಗುರಿಗೆ ಹೊಡೆದೆನೆಂದು ನಾನು ಮೀಸೆ ಮುಟ್ಟಿಕೊಂಡೆ. "ಅಲ್ಲ," ಎಂದಳು. ನನಗೂ ಸಿಟ್ಟು ಬಂತು. ಮೂರನೆಯ ಸಲ, ನಾನು ಸ್ಪ್ಯಾನಿಷ್ ಎಂದೆನಲ್ಲ, ಅದಕ್ಕೇ ಅವಳು ಜಪಾನಿ ಎಂದಳು, ನಾನು ಜಪಾನಿ ಎಂದಿದ್ದರೆ ಸ್ಪ್ಯಾನಿಷ್ ಎನ್ನುತ್ತಿದ್ದಳು ಎಂದು ಬರೆದೆ. ಮಡಿವಾಳಪ್ಪ ಅದನ್ನೂ ಎಲ್ಲರಿಗೆ ಕೇಳುವಂತೆ ಓದಿದ.

ನೀಲವ್ವ ಎದ್ದು ನಿಂತಳು. "ಏನಂದ್ರಿ?"

ಮೂವತ್ತು ಕ್ಯಾನುಗಳ ಮುಚ್ಚಳ ಒಟ್ಟಿಗೇ ಕಟಕಟ ಎಂದವು. ಹಾಲು ಒಳಗೆ ಮೈ ಝಾಡಿಸುತ್ತಿತ್ತು. ಮಂದಿ ಓಡಿ ಬಂದು ಕೂಸನ್ನು ತಬ್ಬಿದಂತೆ ತಂತಮ್ಮ ಕ್ಯಾನು ತಬ್ಬಿಕೊಂಡರು. "ತಂಗೀ, ಸಾವಕಾಶ! ನಮ್ಮ ಹೊಟ್ಟಿ ಮ್ಯಾಲ ಹೊಡೀಬ್ಯಾಡವಾ!" ಎಂದು ಒಬ್ಬ ಮುದುಕ ಕೈ ಮುಗಿದ. ನೀಲವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಳು. ಕಣ್ಣು ಮಾತ್ರ ಮುಚ್ಚಿಕೊಳ್ಳಲಿಲ್ಲ. ಆ ಕಣ್ಣಿನಲ್ಲಿದ್ದುದು ಸಿಟ್ಟಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ನಾಕಕ್ಕ ಲಾರಿ ಬರ್ತೈತಿ," ಎಂದ ಮಡಿವಾಳಪ್ಪ. "ಲಾರಿ ಬಂತಂದ್ರ ರಿಜಿಸ್ಟರ್ ಮುಚ್ಚತೀನಿ. ಆಮ್ಯಾಲ ಆಕಿ ಗಂಟು ಕಟ್ಟಬೇಕು, ನೀ ಕಡಾಯಿ ಡಬ್ಬು ಹಾಕಬೇಕು. ಅಷ್ಟರಾಗ ಆಕಿ ನಿನ್ನ ಬಗ್ಗೆ ಏನ್ ಬರದಾಳೋ ನೋಡೂಣು."

ಗೋಡೆಯ ಗಡಿಯಾರದಲ್ಲಿ ಮೂರು ದಾಟಿ ಹತ್ತು ನಿಮಿಷ. ಮಡಿವಾಳಪ್ಪ ನೀಲವ್ವನ ಹಾಳೆ ಹಿಡಿದು ಓದತೊಡಗಿದ.

"ನನ್ನ ಯಜಮಾನರಿಗೆ ಸ್ಪ್ಯಾನಿಷ್ ಬೇಕು. ಇಪ್ಪತ್ತು ದೇಶಗಳಲ್ಲಿ ನಡೆಯುತ್ತದೆ ಎನ್ನುತ್ತಾರೆ, ಅದು ಕಾರಣವಲ್ಲ. ಅದರಲ್ಲಿ ಬೈದರೆ ಬಾಸುಂದಿಗೆ ರುಚಿ ಬರುತ್ತದೆ ಎನ್ನುತ್ತಾರೆ, ಅದೂ ಅಲ್ಲ. ಇವರ ಮನೆಯಲ್ಲಿ ಏಳು ಮಂದಿ ಅಣ್ಣತಮ್ಮಂದಿರು, ಇವರು ಐದನೆಯವರು. ಜೋರಾಗಿ ಕೂಗಿದವನ ತಾಟಿಗೆ ಮೊದಲು ರೊಟ್ಟಿ ಬೀಳುತ್ತಿತ್ತು. ಒಮ್ಮೆ ಎಲ್ಲರೂ ಜಾತ್ರೆಯಿಂದ ಬರುವಾಗ ಇವರನ್ನು ಬಿಟ್ಟು ಬಂದರಂತೆ. ಮನೆಗೆ ಬಂದು ಉಂಡು ಮಲಗುವತನಕ ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಇವರು ಅವತ್ತು ಗಂಟಲು ಕಟ್ಟಿ ಮಾತಾಡಿರಲಿಲ್ಲ. ಸುಮ್ಮನೆ ಕೂತರೆ ತಾವು ಅಲ್ಲಿ ಇಲ್ಲವೇ ಇಲ್ಲ ಎಂದು ಇವರಿಗೆ ಅನ್ನಿಸುತ್ತದೆ. ನಲವತ್ತು ದಿನ ಬಾಯಿ ಕಟ್ಟಿ ಕೂಡಿಸಿದರೆ ಹೆದರಿಕೊಳ್ಳುತ್ತಾರೆ. ಅದಕ್ಕೆ ಸ್ಪ್ಯಾನಿಷ್ ಬೇಕು."

ಮಡಿವಾಳಪ್ಪ ಹಾಳೆ ಕೆಳಗಿಟ್ಟ. "ಹೌದೇನಪಾ?"

ಜಾತ್ರೆಯ ಮಾತು ನಾನು ಅವಳಿಗೆ ಹೇಳಿದ್ದು ನಗಿಸಲಿಕ್ಕೆ. ನಾನು ಒಬ್ಬನೇ ಇಡೀ ಜಾತ್ರೆಯ ಮಿಠಾಯಿ ತಿಂದು ಆನೆಯ ಮೇಲೆ ಊರಿಗೆ ಬಂದೆ ಎಂದು ಮುಗಿಸಿದ್ದೆ. ಅವಳು ಆನೆಯನ್ನು ಬಿಟ್ಟು ಉಳಿದದ್ದನ್ನು ಇಟ್ಟುಕೊಂಡಿದ್ದಳು. ಮೂವತ್ತು ಮಂದಿಯ ಎದುರು, ನನ್ನ ಜೀವಮಾನದಲ್ಲಿ ಮೊದಲ ಸಲ, ನಾನು ಆನೆಯನ್ನು ವಾಪಸು ಕರೆಯಲಿಲ್ಲ. ತಲೆಯಾಡಿಸಿದೆ.

"ಆಕಿದು ಮುಗೀತು," ಎಂದ ಮಡಿವಾಳಪ್ಪ. "ನಿಂದು ಖಾಲಿ."

ಮೂರೂವರೆ. ನಾನು ಕುರ್ಚಿಯನ್ನು ನೀಲವ್ವನ ಕಡೆ ತಿರುಗಿಸಿದೆ. "ನೀಲಾ, ಯಾಕ ಜಪಾನಿ?"

"ಎಷ್ಟು ಸಲ ಹೇಳಾಕ ಬಂದೀನಿ ಗೊತ್ತೈತೇನು ನಿಮಗ?"

"ಎಷ್ಟ?"

"ಹನ್ನೊಂದು ಸಲ."

ನಾನು ಬಾಯಿ ತೆರೆದೆ. ಹನ್ನೊಂದು ಎಂಬುದು ಹೇಗೆ ಸಾಧ್ಯವಿಲ್ಲ ಎಂಬುದಕ್ಕೆ ನನ್ನ ಬಳಿ ನಾಲ್ಕು ಆಧಾರಗಳಿದ್ದವು. "ನೋಡ್ರಿ, ತಗದ್ರಿ ಬಾಯಿ," ಎಂದಳು. "ಹೇಳ್ತೀನಿ. ಆದ್ರ ನಡುವ ಒಂದು ಮಾತು ಬಂದ್ರೂ ಎದ್ದು ಹೋಗ್ತೀನಿ, ಗಂಟು ಕಟ್ಟಾಕ." ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ತುರುಕಿಕೊಂಡೆ. ಮಂದಿ ನಕ್ಕರು. ನಗಲಿ.

"ನಮ್ಮವ್ವ," ಎಂದು ಹೇಳಿ ನೀಲವ್ವ ಅಭ್ಯಾಸಬಲದಿಂದ ನಿಂತಳು. ನಾನು ಮಾತಾಡಲಿಲ್ಲ. ಅವಳಿಗೇ ಮುಂದಿನ ಮಾತು ಹುಡುಕಿಕೊಳ್ಳಬೇಕಾಯಿತು. ಇಷ್ಟು ದೂರ ಅವಳು ಎಂದೂ ಬಂದಿರಲಿಲ್ಲ. "ನಮ್ಮವ್ವ ಅಪ್ಪ ಬರಸಿದ್ದು ಜಪಾನಿ. ಮೂವತ್ತೆರಡು ವರ್ಷ ಜಗಳಾಡ್ಯಾರ. ನಾವು ಓಣ್ಯಾಗ ನಿಂತು ದನಿ ಅಷ್ಟ ಕೇಳ್ತಿದ್ವಿ, ಯಾರೋ ಕಣದಾಗ ರಾಶಿ ಮಾಡ್ಕೋತ ಹಂತೀ ಹಾಡ ಹಾಡಿದಂಗ ಇರ್ತಿತ್ತು. ಅಪ್ಪ ಹೋದ ದಿನ ಮುಂಜಾನಿ ಜಗಳ ಅರ್ಧಕ್ಕ ನಿಂತಿತ್ತು. ಅವ್ವ ಏನೋ ಕೇಳಿದ್ಲು. ಅಪ್ಪ ಉತ್ತರ ಕೊಡಲಿಲ್ಲ. ಸಂಜೀಕ ಬಂದು ಹೇಳ್ತೀನಂತ ಕನ್ನಡದಾಗ ಹೇಳಿ ಮಗ್ಗಕ್ಕ ಹೋದ. ಸಂಜೀಕ ಹೊತಗೊಂಡ ತಂದ್ರು."

ಹೊರಗೆ ಲಾರಿಯ ಸದ್ದು ಕೇಳಿದಂತಾಯಿತು. ಯಾರೋ ಹೋಗಿ ನೋಡಿ, ಅದಲ್ಲ ಎಂದು ಕೈ ಮಾಡಿದರು.

"ಈಗ ದಿನಾ ಮುಂಜಾನಿ ಅವ್ವ ಬಚ್ಚಲದಾಗ ಗ್ವಾಡಿ ಕಡೆ ಮಾರಿ ಮಾಡಿ ಅದನ್ನ ಕೇಳ್ತಾಳ. ಕೇಳಿ ನಿಂದರ್ತಾಳ. ಆಮ್ಯಾಲ ಹೊರಗ ಬಂದು ಎಲ್ಲಾರ ಕೂಡ ನಕ್ಕೋತ ಇರ್ತಾಳ. ಅಣ್ಣ ವೈನಿ ಬರಸಿದ್ದು ಸ್ಪ್ಯಾನಿಷ್. ಅವರು ಶುರು ಮಾಡಿದ್ರ ಅವ್ವ ಬಾಗಲದಾಗ ಕುಂತು, ಉಪಾಸ ಇದ್ದಾಕಿ ಮಂದಿ ಉಣ್ಣೂದು ನೋಡಿದಂಗ ನೋಡ್ತಾಳ. ನೀವೆಲ್ಲಾರೂ ಆಕಿಗೆ ದೇವತಿ ಅಂತೀರಿ, ತೊಟ್ಲಾ ಮುಟ್ಟಸ್ತೀರಿ. ಆಕಿ ದೇವತಿ ಅಲ್ರೀ. ಆಕಿಗೆ ಜಗಳಾಡಾಕ ಯಾರೂ ಇಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾ ಒಬ್ಬಾಕೀನ ಕಲಿಯಾಕ ಬಿಡೂದಿಲ್ಲ ಸೊಸೈಟಿ. ಜೋಡಿ ಬೇಕು. ಅದಕ್ಕ ನಿಮ್ಮನ್ನ ಕೇಳಿದೆ."

ಟವೆಲ್ಲು ಯಾವಾಗಲೋ ಬಾಯಿಂದ ಕೆಳಗೆ ಬಿದ್ದಿತ್ತು. ನಾನು ಬರೆಯಲು ಕೂತೆ. ಉಪ್ಪು ಖಾರ ಹಚ್ಚದೆ ಬರೆಯುವುದು ಎಷ್ಟು ಕಷ್ಟ ಬಲ್ಲಿರಾ? ಮೂವತ್ತೆರಡು ವರ್ಷ ಎಂಬುದು ಕೈಯಲ್ಲಿ ತಾನಾಗಿಯೇ ಮುನ್ನೂರಿಪ್ಪತ್ತು ಆಗಲು ಹವಣಿಸುತ್ತಿತ್ತು. ಅವಳು ಹೇಳಿದಷ್ಟನ್ನೇ ಬರೆದೆ, ಎಂಟು ಸಾಲು. ಮಡಿವಾಳಪ್ಪ ಈ ಸಲ ಗಟ್ಟಿಯಾಗಿ ಓದಲಿಲ್ಲ. ನೀಲವ್ವನ ಮುಂದೆ ಇಟ್ಟ. ಅವಳು ಓದಿ "ಹೌದು" ಎಂದಳು. ಅಷ್ಟರಲ್ಲಿ ನಿಜವಾದ ಲಾರಿಯೇ ಬಂದು ಬಾಗಿಲಲ್ಲಿ ಹಾರ್ನು ಹೊಡೆಯಿತು.

"ಲಗೂ ಹೇಳ್ರಿ. ಯಾವ ಭಾಷಾ?" ಮಡಿವಾಳಪ್ಪ ಪೆನ್ನು ಹಿಡಿದ.

ನೀಲವ್ವ ನನ್ನ ಕಡೆ ನೋಡಿದಳು. "ಇರ್ಲಿ ಬಿಡ್ರಿ. ಇವರಿಗೆ ನಲವತ್ತು ದಿನ ಸುಮ್ಮನ ಕುಂದ್ರಾಕ ಆಗೂದಿಲ್ಲ. ಸ್ಪ್ಯಾನಿ..."

"ಜಪಾನಿ!" ಎಂದು ನಾನು ಕೂಗಿದೆ. ಅವತ್ತು ಅವಳ ಮಾತಿನ ನಡುವೆ ಬಾಯಿ ಹಾಕಿದ್ದು ಅದೊಂದೇ ಸಲ. ಕೂಗಿದ ರಭಸಕ್ಕೆ ಲಾರಿಯ ಡ್ರೈವರು ಹಾರ್ನಿನಿಂದ ಕೈ ತೆಗೆದ.

ಇಂದುಮತಿಬಾಯಿಯ ನಲವತ್ತು ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೆರೆಮನೆ, ಸನ್ಯಾಸ, ಹೆರಿಗೆ, ಮೂರನ್ನೂ ಕೂಡಿಸಿ ಅರೆದರೂ ಅದರ ಕಾಲು ಭಾಗ. ಆ ನಲವತ್ತು ದಿನ ನಮಗೆ ಕೊಟ್ಟದ್ದು ಒಂದೇ ಶಬ್ದ, "ಹೈ". ಎದುರಿನವರು ಬೈಯುತ್ತಿರುವಾಗ ಕೇಳುತ್ತಿದ್ದೇನೆ ಎಂದು ತೋರಿಸಲು ಹೇಳುವ ಶಬ್ದ, ನಮ್ಮ ಹೂಂ ಇದ್ದ ಹಾಗೆ. ನಾನು ಮೊದಲ ದಿನ ಅದನ್ನೇ ಎಷ್ಟು ಭರ್ಜರಿಯಾಗಿ ಹೇಳಿದೆನೆಂದರೆ, ಆಕೆ ಕೋಲಿನಿಂದ ನನ್ನ ಮೊಣಕಾಲಿಗೆ ತಟ್ಟಿ, "ಫಕೀರಪ್ಪ, ಹಿಂಗಂದ್ರ ನೀವು ಕೇಳಾಕತ್ತೀರಂತ ಅಲ್ಲ, ನಿಮ್ಮನ್ನ ಎಲ್ಲಾರೂ ಕೇಳಬೇಕಂತ ಅರ್ಥ ಆಗ್ತೈತಿ" ಎಂದರು. ಸಣ್ಣಗೆ ಹೇಳಲು ಕಲಿಯುವುದಕ್ಕೆ ಮೂವತ್ತು ದಿನ ಹಿಡಿಯಿತು. ಅಂಗಡಿಯಲ್ಲೂ ಅದೇ ಅಭ್ಯಾಸವಾಗಿ, ಗಿರಾಕಿಗಳು ತಮ್ಮ ಕಷ್ಟಸುಖ ಹೇಳಿಕೊಳ್ಳತೊಡಗಿದರು. ನನಗೆ ಹುಷಾರಿಲ್ಲವೆಂದು ಊರಿನಲ್ಲಿ ಸುದ್ದಿಯಾಯಿತು.

ಆರು ತಿಂಗಳಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ನೇಕಾರ ಓಣಿಗೆ ಹೋದೆವು. ಅತ್ತೆ ಅಂಗಳದಲ್ಲಿ ಶಾವಿಗೆ ಒಣಹಾಕುತ್ತಿದ್ದಳು. "ಬರ್ರಿ ಬರ್ರಿ" ಎಂದು ನಕ್ಕಳು, ಅದೇ ತೊಟ್ಟಿಲು ಮುಟ್ಟಿಸುವ ನಗು. ನೀಲವ್ವನ ಮುಖ ಬೆಳ್ಳಗಾಗಿತ್ತು. ಅವಳು ಶಾವಿಗೆಯ ಕಡೆ ಬೊಟ್ಟು ಮಾಡಿ, ತಡವರಿಸುತ್ತ, ಇದೇನು ಹೀಗೆ ದಪ್ಪ ಹೊಸೆದಿದ್ದೀ, ಯಾರು ತಿನ್ನುತ್ತಾರೆ ಎಂದು ಜಪಾನಿಯಲ್ಲಿ ಕೇಳಿದಳು.

ಅತ್ತೆಯ ನಗು ಅಲ್ಲೇ ನಿಂತಿತು. ಕೈಯಲ್ಲಿದ್ದ ಶಾವಿಗೆಯನ್ನು ಚಾಪೆಯ ಮೇಲಿಟ್ಟಳು. ಸೀರೆಗೆ ಕೈ ಒರೆಸಿಕೊಂಡಳು. ಮಗಳನ್ನು ನೋಡಿದಳು, ನನ್ನನ್ನು ನೋಡಿದಳು. ಒಳಗೆ ನೀಲವ್ವನ ಅಣ್ಣ ಅತ್ತಿಗೆ ಎದ್ದು, ಮಕ್ಕಳ ಕೈ ಹಿಡಿದುಕೊಂಡು ಓಣಿಗೆ ನಡೆದರು. ಆಮೇಲೆ ದ್ಯಾಮವ್ವ ಬಾಯಿ ತೆರೆದಳು.

ಈವರೆಗೆ ನಾನು ಹೇಳಿದ್ದರಲ್ಲಿ ನೀವು ಅರ್ಧ ಕಳೆದಿರಬಹುದು. ಇದರಲ್ಲಿ ಏನೂ ಕಳೆಯಬೇಡಿ. ಮಗಳಿಗೆ ಐದು ನಿಮಿಷ, ಆಮೇಲೆ ನನ್ನ ಕಡೆ ತಿರುಗಿ ಎರಡು ತಾಸು. ನನಗೆ ತಿಳಿದದ್ದು ನೂರರಲ್ಲಿ ಹದಿನೈದು ಮಾತು. ಛತ್ರಿ. ಮಗ್ಗದ ಲಾಳಿ. ತಂಗಿಯ ಮದುವೆಯಲ್ಲಿ ಉಡಿಸಿದ ಸೀರೆಯ ಬಣ್ಣ. ಮೊದಲು ನಾನು ಗಾಬರಿಯಾದೆ, ಇವನ್ನೆಲ್ಲ ನಾನು ಯಾವಾಗ ಮಾಡಿದೆ ಎಂದು. ಆಮೇಲೆ ಹೊಳೆಯಿತು, ನಾನು ಮಾಡಿದ್ದಲ್ಲ. ಇವೆಲ್ಲ ಮಾವ ಈರಪ್ಪನವು. ಆರೇಳು ವರ್ಷ ಹೇಳಲು ಜಾಗ ಸಿಗದೆ ಉಳಿದವು. ಅಳಿಯನೂ ಬಂಧುವೇ, ಒಳಗೆ ನೆಲುವಿನ ಮೇಲಿದ್ದ ಹಾಲು ಮಿಸುಕಲಿಲ್ಲ. ನಾನು ಛತ್ರಿಗೆ ಹೈ ಎಂದೆ, ಲಾಳಿಗೆ ಹೈ ಎಂದೆ. ಬಿಸಿಲು ಏರಿ ನೆರಳು ಕಾಲಡಿಗೆ ಬಂತು.

ಕೊನೆಗೆ ದ್ಯಾಮವ್ವ ದನಿ ತಗ್ಗಿಸಿ ಒಂದೇ ಒಂದು ಮಾತು ಕೇಳಿದಳು. ನೀಲವ್ವ ಫಕ್ಕನೆ ನನ್ನ ತೋಳು ಹಿಡಿದಳು. ಅರ್ಥ ತಿಳಿಯದೆ ಹೋದರೂ ದಿನಾ ಬೆಳಿಗ್ಗೆ ಬಚ್ಚಲಿನಿಂದ ಬರುತ್ತಿದ್ದ ಆ ದನಿಯ ಏರಿಳಿತ ಅವಳಿಗೆ ಬಾಯಿಪಾಠವಾಗಿತ್ತು. ಈಗ ನಮ್ಮಿಬ್ಬರಿಗೂ ಅರ್ಥವಾಯಿತು. ಅದು ಬಹಳ ಸಣ್ಣ ಮಾತು. ನಾನು ಹೇಳುವುದನ್ನು ಕೇಳುತ್ತಿದ್ದೀಯೋ ಇಲ್ಲವೋ?

"ಹೈ," ಎಂದೆ, ಸಣ್ಣಗೆ.

ಅತ್ತೆ ಎಷ್ಟೋ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಚಾಪೆಯ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತು ಶಾವಿಗೆಯನ್ನು ಮತ್ತೆ ಎಳೆ ಎಳೆಯಾಗಿ ಬಿಡಿಸತೊಡಗಿದಳು. ನಾವು ಎದ್ದು ಚಪ್ಪಲಿ ಮೆಟ್ಟಿಕೊಂಡು ಬಾಗಿಲು ದಾಟುವಾಗ, ತಲೆ ಎತ್ತದೆ, ನಗದೆ, ಅಪ್ಪಟ ಕನ್ನಡದಲ್ಲಿ ಹೇಳಿದಳು:

"ನಾಳಿ ಸ್ವಲ್ಪ ಲಗೂ ಬರ್ರಿ ಅಳಿಯಂದ್ರ. ಇನ್ನೂ ಭಾಳ ಉಳದೈತಿ."